ಆಖ್ಯಾನಕ್ಕೆ ಮುಂಚೆ ಒಂದು ಪ್ರಶ್ನೆ

ನಮ್ಮ ತುಮಕೂರು ಸೀಮೆಯಲ್ಲಿ ಕೀರ್ತನೆ ಅಂದರೆ ಹಾಡು. ಪುರಂದರದಾಸರದೋ ಕನಕದಾಸರದೋ, ಪಲ್ಲವಿ ಹಿಡಿದು ನಾಲ್ಕಾರು ಚರಣದಲ್ಲಿ ಮುಗಿಯುವಂಥದ್ದು. ರಾಮನವಮಿ ಪೆಂಡಾಲಿನಲ್ಲಿ ದಾಸರು ಗೆಜ್ಜೆ ಕಟ್ಟಿ, ಚಿಟಿಕೆ ಹಿಡಿದು ರಾತ್ರಿಯೆಲ್ಲ ನಡೆಸುವುದು ಹರಿಕಥೆ. ಪುಣೆಯ ಶಿವಾಜಿನಗರದಲ್ಲಿ ನೆಲೆಸಿ ಹಾರ್ಮೋನಿಯಂ ಸಾಥಿಗೆ ಕೂರುವ ನನಗೆ ಇಲ್ಲಿ ಬರುವ ಕರೆ ಯಾವಾಗಲೂ ‘ಕೀರ್ತನ’ಕ್ಕೆ. ಇಲ್ಲಿ ಕೀರ್ತನ ಅಂದರೆ ಇಡೀ ಕಾರ್ಯಕ್ರಮ. ಕಥೆ ಅದರ ಒಂದು ಪಾಲು, ಅದರ ಹೆಸರು ಆಖ್ಯಾನ. ಧಾರವಾಡದ ಕಡೆ ನಮ್ಮವರೂ ಹರಿಕಥೆ ಮಾಡುವವರನ್ನು ಕೀರ್ತನಕಾರರು ಎಂದೇ ಅನ್ನುತ್ತಾರೆ.

ಇಲ್ಲಿನ ನಾರದೀಯ ಪದ್ಧತಿಯ ಕೀರ್ತನದ ಕಟ್ಟು ಬಲು ಬಿಗಿ. ತಲೆಗೆ ಪಗಡಿ, ಹೆಗಲಿಗೆ ಉಪರಣೆ ಹಾಕಿದ ಕೀರ್ತನಕಾರರು ಮೊದಲು ನಮನ ಹಾಡಿ ಮರಾಠಿ ಸಂತರ ಒಂದು ಅಭಂಗ ಎತ್ತಿಕೊಳ್ಳುತ್ತಾರೆ, ಹೆಚ್ಚಾಗಿ ತುಕಾರಾಮರದು. ಅದರ ಒಂದೊಂದು ಮಾತನ್ನೂ ಬಿಡಿಸಿ ನಿರೂಪಣೆ ಮಾಡುತ್ತಾರೆ. ಇದು ಪೂರ್ವರಂಗ. ಆಮೇಲೆ ನಾಮಘೋಷ. ಆಗ ಅವರ ಕೊರಳಿಗೆ ಹಾರ ಬೀಳುತ್ತದೆ, ಹಣೆಗೆ ಬುಕ್ಕಾ ಎಂಬ ಕಪ್ಪು ಪರಿಮಳದ ಪುಡಿ ಹಚ್ಚುತ್ತಾರೆ. ಅದಾದ ಮೇಲೆ ಉತ್ತರರಂಗ, ಅಂದರೆ ಆಖ್ಯಾನ. ಅಭಂಗ ಹೇಳಿದ ಮಾತು ಒಬ್ಬರ ಬಾಳಿನಲ್ಲಿ ಹೇಗೆ ನಿಜವಾಯಿತು ಎಂದು ಕಥೆ ತೋರಿಸಬೇಕು. ಮುಗಿಯುವಾಗ ಅದೇ ಅಭಂಗಕ್ಕೆ ಮರಳಬೇಕು. ಆ ಸ್ವರ ನನ್ನ ಬೆರಳಲ್ಲಿ ಕೊನೆತನಕ ಕಾದಿರುತ್ತದೆ. ವಿಠ್ಠಲಭಕ್ತರಾದ ವಾರಕರಿಗಳ ಕೀರ್ತನದಲ್ಲಿ ಈ ಪ್ರತ್ಯೇಕ ಆಖ್ಯಾನವಿಲ್ಲ. ಅಲ್ಲಿ ಅಭಂಗದ ನಿರೂಪಣೆಯೇ ಎಲ್ಲ.

ಈ ಕಟ್ಟು ದಕ್ಷಿಣಕ್ಕೂ ಹೋಯಿತು. ತಂಜಾವೂರಿನಲ್ಲಿ 1676ರಿಂದ 1855ರವರೆಗೆ ಮರಾಠರ ಆಳ್ವಿಕೆ. ಅದು ಮುಗಿದ ಮೇಲೆ, 1860ರ ದಶಕದಲ್ಲಿ, ಮೋರಗಾಂವಕರ ರಾಮಚಂದ್ರ ಬಾವಾ ಅಲ್ಲಿ ಕೀರ್ತನ ಮಾಡಿದರು. ಅದನ್ನು ಕೇಳಿ ಕಲಿತ ತಂಜಾವೂರು ಕೃಷ್ಣ ಭಾಗವತರು ಓವಿ, ಸಾಕಿ, ದಿಂಡಿ ಎಂಬ ಮರಾಠಿ ಛಂದಸ್ಸುಗಳನ್ನು ಕರ್ನಾಟಕ ಸಂಗೀತದ ಜೊತೆ ಬೆಸೆದರು. ಅಲ್ಲಿ ಅದಕ್ಕೆ ಕಥಾಕಾಲಕ್ಷೇಪವೆಂದೂ ಹೆಸರಾಯಿತು. ದಕ್ಷಿಣಕ್ಕೆ ಹೋದಂತೆ ಹೆಸರಿನಲ್ಲಿ ಕಥೆಯೇ ಮುಂದೆ ಬಂತು. ನಮ್ಮೂರ ಹರಿಕಥೆಯಲ್ಲೂ ಪೀಠಿಕೆ ಇತ್ತು. ಆದರೆ ಜನ ಕಾಯುತ್ತಿದ್ದದ್ದು ಸೀತಾಕಲ್ಯಾಣಕ್ಕೆ, ಪೀಠಿಕೆಗಲ್ಲ.

ಆಖ್ಯಾನ ಎಂಬ ಮಾತು ಎಷ್ಟು ಹಳೆಯದೆಂದು ನೋಡಲು ನನ್ನ ಮನೆಯಿಂದ ದೂರ ಹೋಗಬೇಕಿಲ್ಲ. 1917ರಲ್ಲಿ ಹುಟ್ಟಿದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆ ಹತ್ತಿರದಲ್ಲೇ ಇದೆ. ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧವಾಗಿ 1966ರಲ್ಲಿ ಮುಗಿದದ್ದು ಅಲ್ಲೇ. ಅದರ ಆರಣ್ಯಕ ಪರ್ವವನ್ನು ಸಂಪಾದಿಸಿದವರು ವಿ. ಎಸ್. ಸುಕ್ತಂಕರ್. ನಳೋಪಾಖ್ಯಾನ ಇರುವುದು ಆ ಪರ್ವದಲ್ಲಿ. ಜೂಜಿನಲ್ಲಿ ಎಲ್ಲ ಕಳೆದುಕೊಂಡ ಧರ್ಮರಾಯ, ನನಗಿಂತ ದುಃಖಿಯಾದ ದೊರೆ ಯಾರಾದರೂ ಇದ್ದನೇ ಎಂದು ಬೃಹದಶ್ವ ಋಷಿಯನ್ನು ಕೇಳುತ್ತಾನೆ. ಅದಕ್ಕೆ ಉತ್ತರವಾಗಿ ಬಂದದ್ದು ನಳನ ಕಥೆ. ಕೇಳುವವನ ಸಂಕಟ ಮೊದಲು, ಕಥೆ ಆಮೇಲೆ. ಪುಣೆಯ ಕೀರ್ತನಕಾರರು ಪೂರ್ವರಂಗ, ಉತ್ತರರಂಗವೆಂದು ಉಳಿಸಿಕೊಂಡಿರುವುದು ಈ ಕ್ರಮವನ್ನೇ ಎಂದು ನನ್ನ ನಂಬಿಕೆ. ನಮ್ಮ ಕನಕದಾಸರು ಅದೇ ನಳನನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿ ‘ನಳಚರಿತ್ರೆ’ ಎಂದು ಕರೆದರು. ಅದೇ ಕಥೆಯ ಮೇಲೆ ಮರಾಠಿಯ ರಘುನಾಥಪಂಡಿತರು ಬರೆದ ಕಾವ್ಯಕ್ಕೆ ಮಾತ್ರ ಆಖ್ಯಾನವೆಂಬ ಹೆಸರೇ ನಿಂತಿತು.

ಕಥೆಗೆ ಹೀಗೆ ಬೇರೆ ಜಾಗ ಇದ್ದದ್ದರಿಂದ ಒಂದು ದೊಡ್ಡ ಕೆಲಸವೂ ಆಯಿತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ವಾಯಿಯ ಡಾ. ದತ್ತೋಪಂತ ಪಟವರ್ಧನರಂಥವರು ರಾಷ್ಟ್ರೀಯ ಕೀರ್ತನ ನಡೆಸಿದರು. ಪೂರ್ವರಂಗದಲ್ಲಿ ಸಂತರ ವಾಣಿ ಹಾಗೇ ಇತ್ತು. ಆಖ್ಯಾನದ ಜಾಗಕ್ಕೆ ಪ್ರಹ್ಲಾದನ ಬದಲು ಶಿವಾಜಿ ಬಂದ.

ಈಚೆಗೆ ಒಬ್ಬ ಕೀರ್ತನಕಾರರು ಪೂರ್ವರಂಗಕ್ಕೆ ತುಕಾರಾಮರ ಅಭಂಗ ಹಿಡಿದು, ಆಖ್ಯಾನಕ್ಕೆ ಪುರಂದರದಾಸರ ಮೂಗುತಿಯ ಕಥೆ ಆರಿಸಿಕೊಂಡರು. “ರಾವ್, ನಡುವೆ ಅವರದೊಂದು ಕನ್ನಡ ಪದ ನೀವೇ ಹಾಡಿ” ಎಂದರು. ಹಾರ್ಮೋನಿಯಂನ ಎರಡನೇ ಕಪ್ಪು ಮನೆಯಲ್ಲಿ, ಅಂದರೆ ಕಾಳಿ ಎರಡರಲ್ಲಿ, ಶ್ರುತಿ ಇಟ್ಟು ಎರಡು ಚರಣ ಹಾಡಿದೆ. ಪಲ್ಲವಿಯನ್ನು ಸಭೆಯೇ ಎತ್ತಿಕೊಂಡಿತು.