ತಾಂಡಾದ ಅಂಗನವಾಡಿ: ಅಳತೆಗೋಲು ಯಾರದ್ದು?

ಗದಗ-ಬೆಟಗೇರಿಯ ಆಸುಪಾಸಿನಿಂದ ಹಿಡಿದು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದವರೆಗೆ, ಅದರಲ್ಲೂ ಕಪ್ಪತಗುಡ್ಡದ ಸೆರಗಿನಲ್ಲಿ, ಲಂಬಾಣಿ ತಾಂಡಾಗಳು ಹರಡಿವೆ. ಅಲ್ಲಿನ ಅಂಗನವಾಡಿಗಳಲ್ಲೂ ಮಗುವಿನ ತೂಕ, ಎತ್ತರ, ಹಾಜರಿ ದಾಖಲಾಗುತ್ತವೆ. ಬಣ್ಣ, ಆಕಾರ, ಎಣಿಕೆ ಬರುತ್ತದೆಯೇ ಎಂದು ನೋಡಲಾಗುತ್ತದೆ. ಮಗು ಚುರುಕೋ ಮಂದವೋ, ಅಂಗನವಾಡಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ತೀರ್ಮಾನ ಹುಟ್ಟುವುದು ಈ ದಾಖಲೆಗಳಿಂದಲೇ. ಹಾಗಾದರೆ ಈ ಅಳತೆಗಳು ಬಂದದ್ದೆಲ್ಲಿಂದ? ತಾಂಡಾದ ಬದುಕು ಅವುಗಳಲ್ಲಿ ಎಷ್ಟು ಹಿಡಿಸುತ್ತದೆ?

ಕನ್ನಡ ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಯತ್ನ ತೊಂಬತ್ತು ವರ್ಷ ಹಳೆಯದು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ರೂಪಿಸಿದ ಪರೀಕ್ಷೆಯ ಅಮೆರಿಕದ ಆವೃತ್ತಿಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ, 1934ರಲ್ಲಿ ಪ್ರಬಂಧವಾಗಿಯೂ 1940ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ನಮ್ಮ ಚಿಕಿತ್ಸಾಲಯಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಪರೀಕ್ಷೆ ಮಗುವಿನ ಭಾಷೆಗೆ ಬರಬೇಕು ಎಂಬ ಅರಿವು ಅದರಲ್ಲಿತ್ತು, ಅದೇ ದೊಡ್ಡದು. ಆದರೆ ಮನೆಯಲ್ಲಿ ಲಂಬಾಣಿಗರ ಮಾತಾದ ಗೋರಬೋಲಿ ಆಡುವ ಮಗು ಆ ಲೆಕ್ಕದೊಳಗೆ ಬರಲಿಲ್ಲ.

ಇನ್ನೊಂದು ದಾರಿ ಮಹಾರಾಷ್ಟ್ರದ ಕರಾವಳಿಯಲ್ಲಿ ತೆರೆಯಿತು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಕೋಸಬಾಡದಲ್ಲಿ ಆದಿವಾಸಿ ವಾರ್ಲಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ, ದನ ಮೇಯಿಸುವ ಹುಲ್ಲುಗಾವಲಿಗೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಮೊಳೆತದ್ದು ಅಲ್ಲೇ.

ತಕ್ಕಡಿಯಿಂದ ಆ್ಯಪ್‌ವರೆಗೆ

1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಪ್ರಯೋಗವಾಗಿ ಶುರುವಾಯಿತು. ಅವುಗಳಲ್ಲಿ 11 ಬುಡಕಟ್ಟು ಪ್ರದೇಶದವು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆರಂಭದ ಮೌಲ್ಯಮಾಪನದ ಹೊಣೆ ಹೆಚ್ಚಾಗಿ ವೈದ್ಯಕೀಯ ಕಾಲೇಜುಗಳದ್ದು. ಸಹಜವಾಗಿಯೇ ನೋಡಿದ್ದು ತೂಕ, ಲಸಿಕೆ, ಶಿಶುಮರಣ. ಮಗುವಿನ ಕಲಿಕೆ ಹಿಂದೆ ಬಿತ್ತು.

ತೂಕದ ಅಳತೆಗೂ ಒಂದು ಚರಿತ್ರೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಬೆಳವಣಿಗೆಯ ಮಾನದಂಡ ಆರು ದೇಶಗಳ ಮಕ್ಕಳನ್ನು ಆಧರಿಸಿದೆ; ಭಾರತದಿಂದ ಆಯ್ದದ್ದು ದಕ್ಷಿಣ ದೆಹಲಿಯ ಅನುಕೂಲವಂತರ ಮನೆಯ ಕೂಸುಗಳನ್ನು. ತಾಂಡಾಕ್ಕೆ ಇದು ಹೊರಗಿನ ಅಳತೆ ಎನ್ನಿಸಬಹುದು. ಆದರೆ ಅದರ ತಳಹದಿ ಸರಳ: ಹೊಟ್ಟೆ ತುಂಬ ಉಂಡು ಆರೋಗ್ಯವಾಗಿರುವ ಮಗು ಎಲ್ಲಿದ್ದರೂ ಸರಿಸುಮಾರು ಒಂದೇ ಬಗೆಯಲ್ಲಿ ಬೆಳೆಯುತ್ತದೆ. ‘ಅವರ ಮಕ್ಕಳು ಇರೋದೇ ಹಿಂಗ’ ಎಂದು ಈ ಮಾನದಂಡವನ್ನು ಸಡಿಲಿಸಿದರೆ ಹಸಿವು ಲೆಕ್ಕದಿಂದಲೇ ಮಾಯವಾದೀತು. ಸಂಸ್ಕೃತಿಗೆ ಒಗ್ಗಿಸುವುದೆಂದರೆ ಮಟ್ಟ ಇಳಿಸುವುದಲ್ಲ.

ಕಲಿಕೆಯ ಮಾತು ಹಾಗಲ್ಲ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ, 2020ರ ಶಿಕ್ಷಣ ನೀತಿ, 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರೂ ಮನೆಮಾತಿಗೆ ಒತ್ತು ಕೊಟ್ಟಿವೆ. ಒಡಿಶಾ ‘ನುವಾ ಅರುಣಿಮಾ’ ಎಂಬ ಶಾಲಾಪೂರ್ವ ಪಠ್ಯವನ್ನು ಬುಡಕಟ್ಟು ಭಾಷೆಗಳಲ್ಲೇ ತಂದಿತು. ಇತ್ತ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್ ಪ್ರತಿ ಮಗುವಿನ ತೂಕ, ಎತ್ತರವನ್ನು ಕಾರ್ಯಕರ್ತೆಯ ಮೊಬೈಲಿಗೆ ತಂದಿತು. ನೀತಿ ಮನೆಮಾತಿನ ಕಡೆ ನಡೆದರೆ, ಅಳತೆ ಅಂಕಿಯ ಕಡೆ ನಡೆಯಿತು.

ತಂತಿ, ಕಾಗದ, ಜೇಡಿಮಣ್ಣು

ಹೊರದೇಶಗಳಲ್ಲಿ ಈ ಕುರಿತು ಆದ ಕೆಲಸದಲ್ಲಿ ಕಣ್ಣು ತೆರೆಸುವಂಥದ್ದು ರಾಬರ್ಟ್ ಸರ್ಪೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನ. ಜಾಂಬಿಯಾದ ಮತ್ತು ಇಂಗ್ಲೆಂಡಿನ ಮಕ್ಕಳಿಗೆ ಒಂದೇ ಆಕೃತಿ ತೋರಿಸಿ ನಕಲು ಮಾಡಲು ಹೇಳಿದರು. ಕಾಗದ-ಪೆನ್ಸಿಲ್ ಕೊಟ್ಟಾಗ ಇಂಗ್ಲೆಂಡಿನ ಮಕ್ಕಳು ಮುಂದು. ತಂತಿ ಕೊಟ್ಟಾಗ, ತಂತಿಯಲ್ಲಿ ಆಟದ ಗಾಡಿ ಮಾಡಿ ಪಳಗಿದ ಜಾಂಬಿಯಾದ ಮಕ್ಕಳು ಮುಂದು. ಜೇಡಿಮಣ್ಣಿನಲ್ಲಿ ಇಬ್ಬರೂ ಸಮ. ಇಲ್ಲಿ ಬದಲಾದದ್ದು ಸಾಮಗ್ರಿ ಮಾತ್ರ, ಬುದ್ಧಿಯಲ್ಲ.

ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ‘ಕೊಹಾಂಗಾ ರೆಯೊ’ ಎಂಬ ಭಾಷಾಗೂಡುಗಳನ್ನು ಕಟ್ಟಿದರು. 1996ರ ‘ತೆ ಫಾರಿಕಿ’ ಪಠ್ಯಕ್ರಮದ ಬೆನ್ನಿಗೆ, ಅಂಕಗಳ ಬದಲು ಮಗು ಮಾಡಿದ್ದನ್ನು ಕಥೆಯಾಗಿ ಬರೆದು ಮನೆಯವರ ಮುಂದಿಡುವ ಪದ್ಧತಿ ಬೆಳೆಯಿತು. ಕೆನಡಾದ ಮೂಲನಿವಾಸಿಗಳು ತಮ್ಮ ಕುರಿತ ಮಾಹಿತಿಯ ಒಡೆತನ, ಹಿಡಿತ ತಮ್ಮಲ್ಲೇ ಇರಬೇಕೆಂಬ ತತ್ವವನ್ನು 1998ರಲ್ಲಿ ರೂಪಿಸಿದರು. ‘ಏನನ್ನು ಅಳೆಯಬೇಕು’ ಎಂಬಲ್ಲಿಂದ ‘ಯಾರು ನಿರ್ಧರಿಸಬೇಕು’ ಎಂಬಲ್ಲಿಗೆ ಚರ್ಚೆ ಬಂದದ್ದು ಹೀಗೆ.

ನಮ್ಮ ಕೋಷ್ಟಕದಲ್ಲಿ ಕಾಣದ್ದು

ಗದಗ ಜಿಲ್ಲೆಗೆ ಈ ಪ್ರಶ್ನೆಗಳನ್ನು ಅನ್ವಯಿಸಿದರೆ ಮೊದಲ ತೊಡಕು ಕೋಷ್ಟಕದಲ್ಲೇ ಎದುರಾಗುತ್ತದೆ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಇಲ್ಲಿ ಕನ್ನಡವನ್ನೇ ಆಡುವ ವಾಲ್ಮೀಕಿ ನಾಯಕರ ಮಗು ‘ಪಂಗಡ’ದ ಕಾಲಮ್ಮಿಗೆ ಹೋಗುತ್ತದೆ, ‘ಯಾಡಿ’ (ಅವ್ವ), ‘ಬಾಟಿ’ (ರೊಟ್ಟಿ), ‘ಪಾಣಿ’ (ನೀರು) ಎನ್ನುತ್ತ ಬೆಳೆದ ತಾಂಡಾದ ಮಗು ‘ಜಾತಿ’ಯ ಕಾಲಮ್ಮಿನಲ್ಲಿ ಕರಗಿಹೋಗುತ್ತದೆ. ಮನೆಮಾತು ಯಾವುದೆಂದು ಕೇಳದೆ ಕನ್ನಡದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಬರೆದರೆ ದಾಖಲಾಗುವುದು ಕನ್ನಡದ ಪರಿಚಯವೇ ಹೊರತು ಬುದ್ಧಿಯಲ್ಲ.

ಎರಡನೆಯದು ಗುಳೆ. ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳಿಗೆ, ಕಬ್ಬಿನ ಗದ್ದೆಗಳಿಗೆ ಹೊರಡುವ ಅಪ್ಪ-ಅವ್ವನ ಜೊತೆ ಕೂಸೂ ಹೋಗುತ್ತದೆ. ಹಾಜರಿ ಕುಸಿದರೆ ಅದು ಅಂಗನವಾಡಿಯ ಸೋಲೋ ಮಳೆಯ ಸೋಲೋ ಎಂದು ಅಂಕಿ ಹೇಳುವುದಿಲ್ಲ. ಮೂರನೆಯದು ನಂಬಿಕೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹಲವು ಅಲೆಮಾರಿ ಸಮುದಾಯಗಳ ಹೆಸರು ಬರೆದುಕೊಂಡು ಹಾಜರಿ ಕೂಗುತ್ತಿತ್ತು, ರದ್ದಾದದ್ದು 1952ರಲ್ಲಿ. ಬೆಟಗೇರಿಯ ‘ಸೆಟ್ಲಮೆಂಟ್’ ಎಂಬ ಹೆಸರು ಅಂಥವರನ್ನು ಒಂದೆಡೆ ಇರಿಸುತ್ತಿದ್ದ ಆ ಕಾಲದ ಗುರುತು. ಪುಸ್ತಕ ಹಿಡಿದು ಬಂದವರನ್ನು ಕಂಡು ಹಿರಿಯರು ಹಿಂಜರಿದರೆ ಅದಕ್ಕೆ ಕಾರಣವಿದೆ.

ಇದಕ್ಕೆಲ್ಲ ಹೊಸ ಯೋಜನೆಯೇನೂ ಬೇಡ. ಬಣ್ಣ ಹೊಂದಿಸುವ ಚಟುವಟಿಕೆಗೆ ಅವ್ವನ ಕಾಂಚಳಿ, ಫೇಟಿಯಾದ ಬಟ್ಟೆಚೂರುಗಳು ಸಾಕು. ಆಕೃತಿಗೆ ಮಣ್ಣು ಸಾಕು. ಮನೆಮಾತಿಗೊಂದು, ಗುಳೆ ಹೋದ ತಿಂಗಳುಗಳಿಗೊಂದು ಕಾಲಮ್ಮು ಸೇರಲಿ. ಮಗು ಏನು ಕಲಿತರೆ ಚೆಲೊ ಎಂದು ತಾಯಂದಿರನ್ನು ಕೇಳಲು ಬಾಲವಿಕಾಸ ಸಮಿತಿ ಈಗಾಗಲೇ ಇದೆ. ಫಲಿತಾಂಶ ಜಿಲ್ಲಾ ಕಚೇರಿಗೆ ಹೋಗುವ ಮೊದಲು ತಾಂಡಾದ ಕಟ್ಟೆಯ ಮೇಲೆ, ಮುಖಂಡರಾದ ನಾಯಕ-ಕಾರಬಾರಿಗಳ ಜೊತೆ ಹೆಣ್ಣುಮಕ್ಕಳೂ ಕೂತಿರುವಾಗ, ಗೋರಬೋಲಿಯಲ್ಲಿ ಓದಿ ಹೇಳುವಂತಾಗಲಿ. ತೂಕಕ್ಕೆ ಎಲ್ಲರಿಗೂ ಒಂದೇ ತಕ್ಕಡಿ ಇರಲಿ. ಕಲಿಕೆಯ ಪ್ರಶ್ನೆ ಮಾತ್ರ ಮಗುವಿನ ಮನೆಯಿಂದಲೇ ಹೊರಡಲಿ.