ಬೇಸ್ ಗಿಟಾರ್: ಪಿಕಪ್ ಮತ್ತು ಸಲಕರಣೆಗಳ ಆಯ್ಕೆ, ಶಿವಮೊಗ್ಗ–ಭದ್ರಾವತಿಯ ವೇದಿಕೆಗಳಲ್ಲಿ

ಬೇಸ್ ಗಿಟಾರ್: ಮೇಳದ ಮಂದ್ರಸ್ವರಗಳನ್ನು ನುಡಿಸುವ, ಸಾಮಾನ್ಯವಾಗಿ ನಾಲ್ಕು ತಂತಿಗಳ ವಿದ್ಯುತ್ ವಾದ್ಯ. ದಪ್ಪ ತಂತಿಯಿಂದ ಮೊದಲುಮಾಡಿ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ಅವುಗಳ ಕಂಪನಾಂಕ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಐದು ತಂತಿಯ ವಾದ್ಯದಲ್ಲಿ ಇವಕ್ಕೂ ಕೆಳಗೆ 30.9 ಹರ್ಟ್ಸ್‌ನ ಬಿ ತಂತಿ ಇರುತ್ತದೆ. ಶಿವಮೊಗ್ಗ ನಗರದಲ್ಲೂ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲೂ ಈ ವಾದ್ಯದ ನೆಲೆ ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ಆರ್ಕೆಸ್ಟ್ರಾ, ಚರ್ಚಿನ ಗಾಯನವೃಂದ ಮತ್ತು ಕಾಲೇಜು ಬ್ಯಾಂಡು. ಒಳ್ಳೆಯ ಟೋನ್ ಬೇಕೆಂದರೆ ಯಾವ ಕಂಪನಿಯದನ್ನು ಕೊಳ್ಳಬೇಕು ಎಂದು ಕೇಳುವವರೇ ಹೆಚ್ಚು. ಈ ಎರಡು ಊರುಗಳಲ್ಲಿ ಮಾತ್ರ ಅದನ್ನು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಶಾಮಿಯಾನಕ್ಕೆ ಎಳೆದ ವಿದ್ಯುತ್ತು, ಬಯಲಿನ ಸೌಂಡ್ ಬಾಕ್ಸು ಮತ್ತು ಮಲೆನಾಡಿನ ಮಳೆ.

ಹಿನ್ನೆಲೆ

ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸನ್ನು ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಮಾಡಿದ್ದ. ಅದು ಹರಡಲಿಲ್ಲ. 1951ರಲ್ಲಿ ಲಿಯೋ ಫೆಂಡರ್‌ನ ‘ಪ್ರಿಸಿಷನ್ ಬೇಸ್’ ಬಂದ ಮೇಲೆ ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತೊಯ್ಯುವ ಕಷ್ಟ ತಪ್ಪಿತು. ಅದರ 34 ಅಂಗುಲದ (864 ಮಿ.ಮೀ.) ತಂತಿಯ ಉದ್ದ ಇಂದಿಗೂ ರೂಢಿಯ ಅಳತೆ. 1960ರಲ್ಲಿ ಅದೇ ಕಂಪನಿಯ ‘ಜಾಜ್ ಬೇಸ್’, 1976ರಲ್ಲಿ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಒಳಗಿದ್ದ ಮ್ಯೂಸಿಕ್ ಮ್ಯಾನ್ ‘ಸ್ಟಿಂಗ್‌ರೇ’ ಬಂದವು. ಇಂದು ಅಂಗಡಿಯಲ್ಲಿ ಸಿಗುವ ಯಮಹಾ, ಐಬನೀಜ್, ಕಾರ್ಟ್, ಸ್ಕ್ವಾಯರ್ ಬೇಸ್‌ಗಳಲ್ಲಿ ಹೆಚ್ಚಿನವು ಈ ಮೂರರ ಒಂದಲ್ಲ ಒಂದು ಕವಲು.

ಕನ್ನಡ ಕೇಳುಗರ ಕಿವಿಗೆ ಬೇಸನ್ನು ಹತ್ತಿರ ತಂದದ್ದು ಸಿನಿಮಾ ಸಂಗೀತ. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981) ಮತ್ತು ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ಬರಿಯ ಆಧಾರಶ್ರುತಿಯಾಗಿ ಕೂರುವುದಿಲ್ಲ. ಗಾಯಕರ ಪಕ್ಕದಲ್ಲಿ ತನ್ನದೇ ದಾರಿ ಹಿಡಿದು ನಡೆಯುತ್ತದೆ. ಆರ್ಕೆಸ್ಟ್ರಾದ ಬೇಸ್ ವಾದಕನಿಗೆ ನಿಜವಾದ ಪರೀಕ್ಷೆ ಇಂಥ ಹಾಡುಗಳೇ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಸುತ್ತ ಬೆಳೆದು, ಹಲವು ಭಾಷೆಗಳ ಕಾರ್ಮಿಕ ಕುಟುಂಬಗಳು ನೆಲೆಸಿದ ಭದ್ರಾವತಿಯಲ್ಲಿ ಕನ್ನಡದ ಹಾಡುಗಳ ನಡುವೆ ತಮಿಳು, ಹಿಂದಿ ಹಾಡುಗಳಿಗೂ ಬೇಡಿಕೆ ಇರುವುದು ಸಹಜ.

ಹಾಡುಗಳು ಈ ಸೀಮೆಗೆ ತಲುಪಿದ ಬಗೆಯಲ್ಲೇ ಟೋನ್ ಕುರಿತ ಒಂದು ಪಾಠವಿದೆ. ಭದ್ರಾವತಿ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗದ ಪ್ರಸಾರವನ್ನು ಜನ ಕೇಳುತ್ತಿದ್ದದ್ದು ಅಂಗೈಯಗಲದ ಸ್ಪೀಕರ್ ಇದ್ದ ಟ್ರಾನ್ಸಿಸ್ಟರ್‌ನಲ್ಲಿ. ಅಂಥ ಸ್ಪೀಕರ್ 41 ಅಥವಾ 55 ಹರ್ಟ್ಸನ್ನು ಹೊರಡಿಸಲಾರದು. ಆದರೂ ಬೇಸ್‌ನ ನಡೆ ಕೇಳುಗರಿಗೆ ಸ್ಪಷ್ಟವಾಗಿಯೇ ತಿಳಿಯುತ್ತಿತ್ತು. ಒಂದು ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಕಿವಿಗೆ ಬಿದ್ದರೆ, ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸ್‌ನ ಗುರುತು ಇರುವುದು ಎದೆ ನಡುಗಿಸುವ ಗುಡುಗಿನಲ್ಲಲ್ಲ, ಸುಮಾರು 80ರಿಂದ 800 ಹರ್ಟ್ಸ್‌ವರೆಗಿನ ಉಪಸ್ವರಗಳಲ್ಲಿ. ಪಿಕಪ್ ಆರಿಸುವವರು ಮೊದಲು ನೆನಪಿಡಬೇಕಾದ ಸಂಗತಿ ಇದು.

ಪಿಕಪ್

ಪಿಕಪ್ ಎಂದರೆ ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲೆಳೆಯಂಥ ತಾಮ್ರದ ತಂತಿ. ಕಾಂತವು ಮೇಲಿನ ಉಕ್ಕಿನ ತಂತಿಯನ್ನೂ ಕಾಂತೀಯಗೊಳಿಸುತ್ತದೆ. ತಂತಿ ಅದುರಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಕಾಂತ ಅಲ್ನಿಕೋ ಆಗಿರಬಹುದು (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್, ಕಬ್ಬಿಣಗಳ ಮಿಶ್ರಲೋಹ) ಅಥವಾ ಸೆರಾಮಿಕ್ ಆಗಿರಬಹುದು. ಅಲ್ನಿಕೋ ಮೃದು, ಸೆರಾಮಿಕ್ ಚುರುಕು ಎಂಬ ಮಾತು ವಾದಕರಲ್ಲಿ ವಾಡಿಕೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಸುತ್ತುಗಳ ಸಂಖ್ಯೆ ಮತ್ತು ಪಿಕಪ್ ಕೂತಿರುವ ಜಾಗ ಮಾಡುವ ವ್ಯತ್ಯಾಸದ ಮುಂದೆ ಅದು ಸಣ್ಣದು. ಸೇತುವೆಯ (ಬ್ರಿಡ್ಜ್) ಹತ್ತಿರದ ಪಿಕಪ್‌ನಲ್ಲಿ ಮೂಲಸ್ವರ ಕಡಿಮೆ, ಉಪಸ್ವರ ಹೆಚ್ಚು. ಕತ್ತಿನ ಕಡೆ ಸರಿದಷ್ಟೂ ನಾದ ದುಂಡಗಾಗುತ್ತದೆ.

ಪ್ರಿಸಿಷನ್ ಮಾದರಿಯ, ವಾದಕರು ‘ಪಿ’ ಎನ್ನುವ ಪಿಕಪ್‌ಗೆ 1957ರಿಂದ ಎರಡು ತುಂಡು: ಒಂದು ತುಂಡು ದಪ್ಪ ತಂತಿಗಳೆರಡಕ್ಕೆ, ಇನ್ನೊಂದು ಸಣ್ಣ ತಂತಿಗಳೆರಡಕ್ಕೆ. ಎರಡರ ಸುತ್ತು ಮತ್ತು ಕಾಂತದ ಧ್ರುವ ಪರಸ್ಪರ ವಿರುದ್ಧವಾಗಿರುವುದರಿಂದ ಹೊರಗಿನಿಂದ ಬಂದ ಗೊರಗು (ವಿದ್ಯುತ್ತಿನ ‘ಹಮ್’ ಸದ್ದು) ರದ್ದಾಗಿ, ತಂತಿಯ ಸದ್ದು ಮಾತ್ರ ಉಳಿಯುತ್ತದೆ. ಜಾಜ್, ಅಂದರೆ ‘ಜೆ’ ಮಾದರಿಯಲ್ಲಿ ಎರಡು ಒಂಟಿ ಸುರುಳಿಯ ಪಿಕಪ್‌ಗಳಿದ್ದು, ಎರಡನ್ನೂ ಪೂರ್ತಿ ತೆರೆದಾಗ ಮಾತ್ರ ಗೊರಗು ಅಡಗುತ್ತದೆ. ಒಂದರ ವಾಲ್ಯೂಮ್ ಇಳಿಸಿದ ಕೂಡಲೇ ಗೊರಗು ಹಾಜರು. ಹಂಬಕರ್‌ಗಳು ಎರಡು ಸುರುಳಿಯವು, ನಿಶ್ಶಬ್ದ; ಸೋಪ್‌ಬಾರ್ ಎಂದು ಕರೆಯುವ ಆಯತದ ಡಬ್ಬಿಗಳಲ್ಲೂ ಹೆಚ್ಚಿನವು ಹಾಗೆಯೇ. ಪಿ ಮತ್ತು ಜೆ ಎರಡೂ ಇರುವ ‘ಪಿಜೆ’ ಬೇಸ್ ಒಂದೇ ವಾದ್ಯ ಕೊಳ್ಳಬಲ್ಲವರಿಗೆ ಒಳ್ಳೆಯ ಆಯ್ಕೆ. ಅದರಲ್ಲಿ ಸೇತುವೆಯ ಬಳಿಯ ಜೆ ಒಂಟಿ ಸುರುಳಿಯದೇ ಆಗಿದ್ದರೆ, ಅದನ್ನು ಬೆರೆಸಿದಷ್ಟೂ ಗೊರಗು ಬರುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಗೊರಗಿನ ಮಾತು ಭಾರತದಲ್ಲಿ ಬೇಸ್ ವಾದಕನಿಗೆ ಇನ್ನಷ್ಟು ಕಾಡುವಂಥದ್ದು. ಅಮೆರಿಕದ ವಿದ್ಯುತ್ ಜಾಲ 60 ಹರ್ಟ್ಸ್, ನಮ್ಮದು 50. ಇ ತಂತಿಯ ಮೂರನೇ ಮೆಟ್ಟಿಲಿನಲ್ಲಿ (ಫ್ರೆಟ್) ಸಿಗುವ ಜಿ ಸ್ವರ 49 ಹರ್ಟ್ಸ್. ವಿದ್ಯುತ್ತಿನ ಎರಡನೇ ಉಪಸ್ವರ 100 ಹರ್ಟ್ಸ್, ಖಾಲಿ ಜಿ ತಂತಿ 98. ಅಂದರೆ ಜಾಲದ ಗೊರಗು ವಾದ್ಯದ ಜಿ ಸ್ವರಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ಇರುತ್ತದೆ. ಜಿ ಶ್ರುತಿಯ ಹಾಡಿನಲ್ಲಿ ಎರಡೂ ಸೇರಿ ಸ್ವರ ತೂಗಾಡಿದಂತೆ ಕೇಳುತ್ತದೆ, ಮಿಕ್ಸರ್‌ನಲ್ಲಿ ಗೊರಗನ್ನು ಕತ್ತರಿಸಹೋದರೆ ಸ್ವರವೂ ಜೊತೆಗೆ ಹೋಗುತ್ತದೆ. ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಎಲ್ಲ ಒತ್ತೊತ್ತಾಗಿರುವ ಗಣಪತಿ ಪೆಂಡಾಲಿನಲ್ಲಿ ಒಂಟಿ ಸುರುಳಿಯ ಪಿಕಪ್ ನೆಚ್ಚುವುದು ಜಾಣತನವಲ್ಲ. ವಾದ್ಯದ ಒಳಗೂಡಿಗೆ ತಾಮ್ರದ ಹಾಳೆ ಅಂಟಿಸಿದರೆ ‘ಜುಯ್’ ಎನ್ನುವ ತೀಕ್ಷ್ಣ ಸದ್ದು ಕಡಿಮೆಯಾಗುತ್ತದೆ, 50 ಹರ್ಟ್ಸ್‌ನ ಕಾಂತೀಯ ಗೊರಗು ಮಾತ್ರ ಅದಕ್ಕೆ ಜಗ್ಗುವುದಿಲ್ಲ. ಆ ಕೆಲಸ ಜೋಡಿ ಸುರುಳಿಯದು.

ಆದ್ದರಿಂದ ಆರ್ಕೆಸ್ಟ್ರಾ ಕೆಲಸಕ್ಕೆ ಈ ಲೇಖನ ಪಿ ಪಿಕಪ್ಪನ್ನೇ ಎತ್ತಿಹಿಡಿಯುತ್ತದೆ. ಅದು ನಿಶ್ಶಬ್ದ, ಮಧ್ಯಭಾಗದಲ್ಲಿ ಗಟ್ಟಿ, ಕೀಬೋರ್ಡ್ ಮತ್ತು ರಿದಂ ಪ್ಯಾಡ್‌ಗಳ ನಡುವೆಯೂ ಕಳೆದುಹೋಗುವುದಿಲ್ಲ. ಸ್ಲ್ಯಾಪ್ ನುಡಿಸುವ ಕಾಲೇಜು ಬ್ಯಾಂಡಿನವರಿಗೆ ಜೆ ಅಥವಾ ಹಂಬಕರ್ ಹಿಡಿಸಬಹುದು. ಆಕ್ಟಿವ್ ಬೇಸ್‌ನ 9 ವೋಲ್ಟ್ ಪ್ರೀಆಂಪ್‌ನಿಂದ ಕೇಬಲ್ ಉದ್ದವಾದರೂ ಮೇಲಿನ ಸ್ವರ ಮಂಕಾಗದು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಜ್ಯಾಕ್ ತೆಗೆಯದೆ ಬಿಟ್ಟರೆ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತದೆ.

ಹೊಸ ಪಿಕಪ್‌ಗೆ ಹಣ ಸುರಿಯುವ ಮೊದಲು ಇರುವುದರ ಎತ್ತರ ಸರಿಪಡಿಸಬೇಕು. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ದಪ್ಪ ತಂತಿಯ ಕೆಳಗೆ ಸುಮಾರು 2.5ರಿಂದ 3 ಮಿ.ಮೀ., ಸಣ್ಣ ತಂತಿಯ ಕೆಳಗೆ ಸುಮಾರು 2 ಮಿ.ಮೀ. ಅಂತರ ಇದ್ದರೆ ಆರಂಭಕ್ಕೆ ಸಾಕು. ತೀರಾ ಹತ್ತಿರವಿದ್ದರೆ ಕಾಂತ ತಂತಿಯನ್ನೇ ಸೆಳೆದು ಶ್ರುತಿ ಕೆಡಿಸುತ್ತದೆ. ಸ್ಕ್ರೂಡ್ರೈವರ್ ಸಾಕಾಗುವ ಈ ಕೆಲಸದಿಂದ ಬರುವ ಬದಲಾವಣೆ ಎಷ್ಟೋ ಸಲ ಸೀಮೋರ್ ಡಂಕನ್ ಅಥವಾ ಡಿಮಾರ್ಜಿಯೊ ಪಿಕಪ್ ಹಾಕಿಸಿದ್ದಕ್ಕಿಂತ ದೊಡ್ಡದು.

ಡಿಐ, ಆಂಪ್, ಬಯಲು

ಇಲ್ಲಿನ ಹೆಚ್ಚಿನ ವೇದಿಕೆಗಳಲ್ಲಿ ಬೇಸ್ ಜನರಿಗೆ ಕೇಳುವುದು ವಾದಕನ ಆಂಪ್‌ನಿಂದಲ್ಲ, ಸೌಂಡಿನವರ ಮಿಕ್ಸರ್ ಮೂಲಕ. ಪ್ರೀಆಂಪ್ ಇಲ್ಲದ ಪ್ಯಾಸಿವ್ ಬೇಸನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ನಾದ ಕಂಬಳಿ ಹೊದ್ದಂತಾಗುತ್ತದೆ. ಆ ಇನ್‌ಪುಟ್‌ನ ತಡೆ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋ ಓಮ್ ಮಾತ್ರ. ಪಿಕಪ್‌ಗೆ ಬೇಕಾದದ್ದು ಒಂದು ಮೆಗಾ ಓಮ್‌ನ ಆಸುಪಾಸು. ಈ ಎರಡರ ನಡುವೆ ಕೂರುವುದು ಡಿಐ ಬಾಕ್ಸ್. ಅದು ಸದ್ದನ್ನು ಬ್ಯಾಲೆನ್ಸ್ಡ್ ಮಾಡಿ ಮೈಕ್ ಕೇಬಲ್‌ನಲ್ಲಿ ಕಳಿಸುವುದರಿಂದ ಮಿಕ್ಸರ್ ಮೈದಾನದ ಆಚೆ ತುದಿಯಲ್ಲಿದ್ದರೂ ಚಿಂತೆಯಿಲ್ಲ. ಸೌಂಡಿನವರ ಬಳಿ ಇದ್ದೇ ಇರುತ್ತದೆ ಎಂದು ನಂಬದೆ, ವಾದಕ ತನ್ನ ಚೀಲದಲ್ಲೇ ಒಂದನ್ನು ಇಟ್ಟುಕೊಳ್ಳುವುದು ವಾಸಿ. ಸಲಕರಣೆಗಳಲ್ಲಿ ಕೊಟ್ಟ ಕಾಸಿಗೆ ಇಷ್ಟು ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ.

ಆಂಪ್ ಒಂದು ಪ್ಲಗ್‌ನಲ್ಲಿ, ಮಿಕ್ಸರ್ ದೂರದ ಇನ್ನೊಂದು ಪ್ಲಗ್‌ನಲ್ಲಿ ಇದ್ದಾಗ ಎರಡು ಅರ್ಥಿಂಗ್‌ಗಳ ನಡುವಿನ ಸುತ್ತಿನಿಂದಲೂ ಗೊರಗು ಬರುತ್ತದೆ. ಡಿಐನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದು ಇದಕ್ಕೇ. ಗೊರಗು ಹೋಗಲಿ ಎಂದು ಪ್ಲಗ್‌ನ ಮೂರನೇ ಪಿನ್ ಮುರಿಯುವುದು ಪ್ರಾಣಾಪಾಯದ ಕೆಲಸ: ವಾದಕನ ಕೈ ಲೋಹದ ತಂತಿಯ ಮೇಲಿರುತ್ತದೆ, ಹಾಡುವವನಾದರೆ ತುಟಿ ಮೈಕಿನ ಮೇಲೆ. ಮಳೆಗಾಲದ ಒದ್ದೆ ನೆಲದಲ್ಲಿ ಇದು ಇನ್ನೂ ಅಪಾಯ.

ಮನೆಯಲ್ಲಿ ಕೂಡಿಸಿಟ್ಟ ಟೋನ್ ಬಯಲಿಗೆ ಹೋದಾಗ ಸೊರಗಲು ಕಾರಣ ಕೋಣೆಯೇ. 12 ಅಡಿ, ಅಂದರೆ ಸುಮಾರು 3.66 ಮೀಟರ್ ಉದ್ದದ ಕೋಣೆ 47–48 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಇ ತಂತಿಯ ಎರಡು, ಮೂರನೇ ಮೆಟ್ಟಿಲಿನ ಸ್ವರಗಳು ಅಲ್ಲಿ ಪುಕ್ಕಟೆಯಾಗಿ ಉಬ್ಬುತ್ತವೆ. ವಾದಕ ಅದನ್ನೇ ತನ್ನ ವಾದ್ಯದ ಗುಣವೆಂದು ತಿಳಿಯುತ್ತಾನೆ. ಭದ್ರಾವತಿಯ ಕನಕ ಮಂಟಪ ಮೈದಾನದಂಥ ಬಯಲಿನಲ್ಲಿ ಗೋಡೆಗಳೇ ಇಲ್ಲ. ಅಲ್ಲಿ ಉಳಿಯುವುದು ಉಪಸ್ವರ ಮಾತ್ರ. ಕಲ್ಲುಹಾಸಿನ ಕಲ್ಯಾಣ ಮಂಟಪಗಳದ್ದು ತದ್ವಿರುದ್ಧ ಕಾಯಿಲೆ, ತಗ್ಗಿನ ಸ್ವರಗಳೆಲ್ಲ ಕಲಸಿಹೋಗುತ್ತವೆ. ಎರಡೂ ಕಡೆಗೂ ಮದ್ದು ಒಂದೇ: ಬೇಸ್ ಗುಂಡಿಯನ್ನು ಏರಿಸದೆ, 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 200ರಿಂದ 800ರ ನಡುವೆ ತುಸು ಎತ್ತುವುದು. ಇದೇ ಕಾರಣಕ್ಕೆ ಐದು ತಂತಿಯ ಬೇಸ್‌ನ ಬಿ ತಂತಿ ಸಬ್‌ವೂಫರ್ ಇಲ್ಲದ ಸೆಟ್‌ನಲ್ಲಿ ಹೆಚ್ಚಾಗಿ ಕೈಯ ಸಂತೋಷಕ್ಕೆ ಮಾತ್ರ.

ಪಕ್ಕವಾದ್ಯಗಳನ್ನೂ ನೋಡಬೇಕು. ಶಿವಮೊಗ್ಗ ಸುಬ್ಬಣ್ಣ ಅವರಂಥ ಗಾಯಕರನ್ನು ಕೊಟ್ಟ ಈ ಜಿಲ್ಲೆಯಲ್ಲಿ ಸುಗಮ ಸಂಗೀತದ ವೇದಿಕೆಗೂ ಬೇಸ್ ಕರೆಸುವುದುಂಟು. ಅಲ್ಲಿ ತಬಲಾದ ಡಗ್ಗ ಮೊದಲೇ ಮಂದ್ರದ ಜಾಗ ಹಿಡಿದಿರುತ್ತದೆ. ಟೋನ್ ಗುಂಡಿ ತಗ್ಗಿಸಿ, ಕತ್ತಿನ ಬಳಿ ಬೆರಳಿನ ಮೆತ್ತನೆಯ ಭಾಗದಲ್ಲಿ, ಚಿಕ್ಕ ಸ್ವರಗಳನ್ನು ನುಡಿಸುವುದೇ ಸೌಜನ್ಯ. ಡೊಳ್ಳಿನ ಜೊತೆಗಿನ ಫ್ಯೂಷನ್‌ನಲ್ಲಿ ಇದನ್ನೇ ಮಾಡಿದರೆ ಬೇಸ್ ಇದ್ದೂ ಇಲ್ಲದಂತೆ. ಆಗ ಸೇತುವೆ ಕಡೆಯ ಪಿಕಪ್ ತೆರೆಯಬೇಕು.

ಸ್ವಂತ ಆಂಪ್ ಮನೆಗೆ 20–40 ವ್ಯಾಟ್ ಸಾಕು. ತಗ್ಗಿನ ಸ್ವರಗಳಿಗೆ ಕಿವಿ ಮಂದವಾದ್ದರಿಂದ, ಡ್ರಮ್ಸ್ ಎದುರು ನಿಲ್ಲಬೇಕಾದರೆ ಗಿಟಾರಿಗೆ ಬೇಕಾದುದರ ಹಲವು ಪಟ್ಟು ಶಕ್ತಿ ಬೇಕಾಗುತ್ತದೆ. ಡಿಐ ಇದ್ದರೆ ಆ ಖರ್ಚು ಸೌಂಡಿನವರದು.

ತಂತಿ, ಮರ, ಮಳೆ

ರೂಢಿಯ ಸೆಟ್ 0.045ರಿಂದ 0.105 ಅಂಗುಲ ದಪ್ಪದ ನಿಕಲ್ ರೌಂಡ್‌ವೌಂಡ್. ಹಳೆಯ ಸಿನಿಮಾ ಹಾಡುಗಳ ದುಂಡು ನಾದ ಬೇಕೆಂದರೆ ಫ್ಲಾಟ್‌ವೌಂಡ್ ಹಾಕಬೇಕು. ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಬಾಳುತ್ತವೆ. ತಂತಿ ಬದಲಿಸಿದಾಗ ಆಗುವಷ್ಟು ವ್ಯತ್ಯಾಸ ಪಿಕಪ್ ಬದಲಿಸಿದಾಗಲೂ ಆಗದೇ ಇರಬಹುದು.

ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಕಾಣುವ ಆಗುಂಬೆ ಇರುವ ಜಿಲ್ಲೆ ಇದು. ಶಿವಮೊಗ್ಗ, ಭದ್ರಾವತಿಗಳಲ್ಲಿ ಮಳೆ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಜೂನ್‌ನಿಂದ ಗಾಳಿಯ ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎನ್ನುತ್ತದೆ, ಮರ ಹಿಗ್ಗಿ ಕತ್ತಿನ ಬಾಗು ಬದಲಾಗುತ್ತದೆ. ಕತ್ತಿನೊಳಗಿನ ಟ್ರಸ್ ರಾಡನ್ನು ಅಲೆನ್ ಕೀಯಿಂದ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ನುಡಿಸಿದ ಮೇಲೆ ತಂತಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಚೀಲದಲ್ಲಿಟ್ಟರೆ ಅರ್ಧ ರಿಪೇರಿ ತಪ್ಪುತ್ತದೆ.

ಅನೇಕ ಬೇಸ್‌ಗಳ ಫ್ರೆಟ್‌ಬೋರ್ಡ್ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಮರದ್ದು. ಬೀಟೆಯ ಕುಲವನ್ನೆಲ್ಲ 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ತಂದಾಗ ಹಲವು ತಯಾರಕರು ಬೇರೆ ಮರಕ್ಕೆ ಹೊರಳಿದರು. 2019ರ ನವೆಂಬರ್‌ನಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವಿನ ವರ್ಷಗಳ ಸೆಕೆಂಡ್‌ಹ್ಯಾಂಡ್ ಬೇಸ್‌ನಲ್ಲಿ ಬೀಟೆ ಕಾಣದಿದ್ದರೆ ಅದು ಕಳಪೆಯೆಂದು ಬೆಲೆ ಇಳಿಸಿ ಕೇಳುವುದು ಸರಿಯಲ್ಲ. ನೋಡಬೇಕಾದದ್ದು ಕತ್ತಿನ ನೇರ, ಮೆಟ್ಟಿಲುಗಳ ಸವೆತ, ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ ಎಂಬುದು, ಆಕ್ಟಿವ್ ಆದರೆ ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ ಎಂಬುದು.