ರೇಖಾಗಣಿತದ ಬುದ್ಧಿಯೂ ಸ್ತ್ರೀಪುರುಷ ಭೇದವೂ

ರೇಖಾಗಣಿತದ ಬುದ್ಧಿ ಪುರುಷರಿಗೆ ಸಹಜವೆಂದೂ ಸ್ತ್ರೀಯರಿಗೆ ಪ್ರಯತ್ನಸಾಧ್ಯವೆಂದೂ ಹೇಳುವ ಮಾತು ಬಹುಕಾಲದಿಂದ ನಡೆದುಬಂದಿದೆ. ಗಣಿತಶಿಕ್ಷಕರಾಗಲು ತರಬೇತಿ ಹೊಂದುವ ಯುವಕ ಯುವತಿಯರ ವಿಷಯದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಇದನ್ನು ಅಳೆಯಲು ವಿದ್ವಾಂಸರು ಹೆಚ್ಚಾಗಿ ಬಳಸುವ ಮಾನದಂಡದ ಚರಿತ್ರೆಯನ್ನು ಅರಿತರೆ ಪ್ರಶ್ನೆಯ ಸ್ವರೂಪವೇ ಬದಲಾಗುವುದೆಂದು ನಾವು ಭಾವಿಸುತ್ತೇವೆ.

ಆ ಮಾನದಂಡದ ಮೂಲ ಹಾಲೆಂಡಿನಲ್ಲಿದೆ. ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸುತ್ತಿದ್ದ ಡೀನಾ ವಾನ್ ಹೀಲೆ-ಗೆಲ್ಡಾಫ್ ಮತ್ತು ಪಿಯೆರ್ ವಾನ್ ಹೀಲೆ ದಂಪತಿಗಳು 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಂದೊಂದು ಮಹಾಪ್ರಬಂಧವನ್ನು ಒಪ್ಪಿಸಿದರು. ಅವರ ಮತದಂತೆ ರೇಖಾಗಣಿತದ ಚಿಂತನೆಗೆ ಐದು ಸೋಪಾನಗಳುಂಟು. ಮೊದಲನೆಯದರಲ್ಲಿ ಕಲಿಯುವವರು ಆಕೃತಿಯನ್ನು ಬರಿಯ ನೋಟದಿಂದ ಗುರುತಿಸುತ್ತಾರೆ. ಎರಡನೆಯದರಲ್ಲಿ ಅದರ ಗುಣಗಳನ್ನು ಹೇಳಬಲ್ಲರು. ಮೂರನೆಯದರಲ್ಲಿ ಚೌಕವೂ ಒಂದು ಆಯತವೇ ಎಂಬಂಥ ಸಂಬಂಧಗಳನ್ನು ಕಾಣುತ್ತಾರೆ. ನಾಲ್ಕನೆಯದರಲ್ಲಿ ಪ್ರಮೇಯಗಳನ್ನು ಸಾಧಿಸುತ್ತಾರೆ. ಐದನೆಯದರಲ್ಲಿ ಭಿನ್ನ ಸ್ವಯಂಸಿದ್ಧ ತತ್ತ್ವಗಳ ಮೇಲೆ ನಿಂತ ರೇಖಾಗಣಿತಗಳನ್ನೇ ಹೋಲಿಸಬಲ್ಲರು.

ಸಿದ್ಧಾಂತದ ನಿರೂಪಣೆ ಬಹುಮಟ್ಟಿಗೆ ಪಿಯೆರರದು. ತರಗತಿಯ ಪ್ರಯೋಗ ಡೀನಾ ಅವರದು. ಹನ್ನೆರಡು ವರ್ಷದ ಮಕ್ಕಳ ಮುಂದೆ ಆಕೆ ಮೊದಲು ವ್ಯಾಖ್ಯೆಗಳನ್ನಿಡದೆ, ಬಿಲ್ಲೆಗಳಿಂದ ನೆಲವನ್ನು ಸಂದಿಲ್ಲದೆ ಹಾಸುವುದು ಹೇಗೆಂಬ ಪ್ರಶ್ನೆಯನ್ನಿಟ್ಟರು. ಆ ಹಾಸಿನಲ್ಲಿ ಮಕ್ಕಳು ಗರಗಸದ ಹಲ್ಲುಗಳನ್ನೂ ಏಣಿಯ ಮೆಟ್ಟಿಲುಗಳನ್ನೂ ಕಂಡು, ಅವುಗಳ ಮೂಲಕ ಸಮಾಂತರ ರೇಖೆಗಳ ಗುಣಗಳನ್ನು ಅರಿತರು. ಮೊದಲ ಸೋಪಾನದಿಂದ ಎರಡನೆಯದಕ್ಕೆ ಸುಮಾರು 20 ಪಾಠಗಳೂ ಅಲ್ಲಿಂದ ಮೂರನೆಯದಕ್ಕೆ ಸುಮಾರು 50 ಪಾಠಗಳೂ ಬೇಕಾದವು. ಈ ಏರಿಕೆಗೆ ವಯಸ್ಸಿಗಿಂತ ಬೋಧನೆಯೇ ಮುಖ್ಯ ಕಾರಣವೆಂಬುದು ದಂಪತಿಗಳ ನಿರ್ಣಯ. ಪ್ರಬಂಧ ಮುಗಿದ ಸ್ವಲ್ಪ ಕಾಲದಲ್ಲಿಯೇ ಡೀನಾ ತೀರಿಕೊಂಡರು. ವಿಚಾರವನ್ನು ಮುಂದುವರಿಸುವ ಭಾರ ಪತಿಯ ಮೇಲೆ ಬಿದ್ದಿತು. ಆಕೆಯ ಪ್ರಬಂಧ ಇಂಗ್ಲಿಷಿನಲ್ಲಿ ದೊರೆತದ್ದು 1984ರಲ್ಲಿ.

ಅಷ್ಟರಲ್ಲಿ, 1982ರಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ಉಸಿಸ್ಕಿನ್ ಅವರು ಸೋಪಾನವೊಂದಕ್ಕೆ ಐದರಂತೆ 25 ಪ್ರಶ್ನೆಗಳ ಪರೀಕ್ಷೆಯನ್ನು ಪ್ರಕಟಿಸಿದ್ದರು. ಮುಂದೆ ಇದನ್ನು ಭಾವೀ ಶಿಕ್ಷಕರಿಗೂ ಕೊಟ್ಟು ಸ್ತ್ರೀಪುರುಷರನ್ನು ಹೋಲಿಸಿದರು. ಕೆಲವೆಡೆ ಅಂತರ ಕಂಡಿತು, ಕೆಲವೆಡೆ ಕಾಣಲಿಲ್ಲ. ಕಂಡಲ್ಲಿಯೂ ಅದನ್ನು ಹುಟ್ಟುಗುಣವೆಂದು ತೀರ್ಮಾನಿಸಲು ಈ ಸಿದ್ಧಾಂತದಲ್ಲಿ ಆಧಾರವಿಲ್ಲ. ಆ ಯುವತಿಯರಿಗೆ ಶಾಲೆಯಲ್ಲಿ ಎಂಥ ಪಾಠ ದೊರೆತಿತ್ತು, ಎಷ್ಟು ಕಾಲ ದೊರೆತಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು. ಮೂರನೆಯ ಸೋಪಾನವನ್ನು ಮುಟ್ಟದೆ ತರಗತಿಗೆ ಹೋದ ಶಿಕ್ಷಕರು, ಗಂಡಾಗಲಿ ಹೆಣ್ಣಾಗಲಿ, ಸಾಧನೆಗಳನ್ನು ಬಾಯಿಪಾಠ ಮಾಡಿಸುವುದಲ್ಲದೆ ಬೇರೇನು ಮಾಡಿಯಾರು? ಆ ಕೊರತೆಯನ್ನು ತುಂಬುವ ಕಾರ್ಯ ತರಬೇತಿ ಕಾಲೇಜುಗಳದು. ಅದಕ್ಕೆ ಬೇಕಾದ ಮಾದರಿಯನ್ನು ಒಬ್ಬ ಶಿಕ್ಷಕಿಯೇ ತನ್ನ ತರಗತಿಯಲ್ಲಿ ರೂಪಿಸಿಕೊಟ್ಟಿರುವುದನ್ನು ನಾವು ಮರೆಯಲಾಗದು.